ಅರ್ಧ ಇಂಚು

ಬಂದರಿನಲ್ಲಿ ಮೋನಾಕನ ಗುಜರಿ ಅಂಗಡಿ.
ತಕ್ಕಡಿಯ ಒಂದು ತಟ್ಟೆಯಲ್ಲಿ ಕಬ್ಬಿಣದ ಎರಡು ಕಿಲೊ,
ಇನ್ನೊಂದರಲ್ಲಿ ಸಾವಿರದ ಒಂಬೈನೂರ ಎಂಬತ್ತಮೂರು.
"ಇದನ್ನು ಎಂತ ಮಾಡ್ತೀರಿ ಮಾರಾಯ್ರೇ,
ಕಡಲೆ ಕಟ್ಟಲಿಕ್ಕೂ ಆಗುವುದಿಲ್ಲ, ಮುಟ್ಟಿದರೆ ಹುಡಿ"
ಎನ್ನುತ್ತಲೇ ಮುಳ್ಳು ಸಮ ಆಗಲೆಂದು
ಇನ್ನೊಂದು ಸಂಚಿಕೆ ಮೇಲೆ ಇಡುತ್ತಾನೆ.

ನನ್ನ ಕೆಲಸ ಮನೆಮನೆಯ ಕರೆಂಟು ಮೀಟರು ಓದುವುದು.
ಮೆಟ್ಟಿಲಿನ ಅಡಿ, ಜಗಲಿಯ ಮೂಲೆ, ಕೆಟ್ಟ ಫ್ರಿಜ್ಜಿನ ಹಿಂದೆ,
ಮೀಟರು ಇರುವಲ್ಲೇ ಹಳೆಯ ಕಾಗದವೂ ಇರುತ್ತದೆ.
ಹಾಗೆ ಕೂಡಿದ್ದು ನೂರಾ ಹನ್ನೊಂದು:
'ಎಳೆಬಿಸಿಲು', ಹದಿಹರೆಯದವರ ಮಾಸಪತ್ರಿಕೆ,
ಬೆಲೆ ಎರಡು ರೂಪಾಯಿ.
ಯಾವ ತಿಂಗಳು ನಿಂತುಹೋಯಿತೆಂದು
ಕೇಳಿದವರೆಲ್ಲ ಬೇರೆ ಬೇರೆ ಹೇಳುತ್ತಾರೆ.

ಮೊಡವೆಗೆ ಕಡಲೆಹಿಟ್ಟು. ಮೊಡವೆಗೆ ಗಂಧ.
ಕೊನೆಯ ಪುಟದಲ್ಲಿ, ಮೊಡವೆಗೆ ತಾಳ್ಮೆ.
ಟೈಪಿಂಗ್ ಲೋವರ್ ಪಾಸಾದರೆ ಬೊಂಬಾಯಿ ದೂರವಿಲ್ಲ.
ಪತ್ರಮಿತ್ರರು ಬೇಕಾಗಿದ್ದಾರೆ: ಫೆಲಿಸಿಯನ್, ಹದಿನೇಳು, ಜೆಪ್ಪು,
ಹವ್ಯಾಸ ರೇಡಿಯೋ, ಈಜು, ಸುಮ್ಮನೆ ಕೂರುವುದು.
'ಅಕ್ಕನಲ್ಲಿ ಕೇಳಿ'ಗೆ ಸುರತ್ಕಲ್ಲಿನ ಎಸ್. ಬರೆಯುತ್ತಾಳೆ:
ಟಿಕೇಟು ಕೊಡುವಾಗ ದಿನಾ ಬೆರಳು ತಾಗುತ್ತದೆ,
ಅಕ್ಕಾ, ಇದು ಪ್ರೇಮವೇ?
ಅಕ್ಕನ ಉತ್ತರ ಒಂದೇ ಸಾಲು:
ಚಿಲ್ಲರೆ ಸರಿಯಾಗಿ ಕೊಡುತ್ತಾನೋ ನೋಡು.

ಜುಲೈ ಸಂಚಿಕೆಯ ಹದಿನೇಳನೇ ಪುಟದಲ್ಲಿ ಒಂದು ತೂತು.
ನಾಲ್ಕು ಮೂಲೆ, ನಾಲ್ಕೂ ನೇರ.
ಬ್ಲೇಡಿನ ಕೆಲಸವಲ್ಲ, ಸಿಟ್ಟಿನದ್ದೂ ಅಲ್ಲ.
ಮಡಿಕೆಯಲ್ಲಿ ಬೆರಳಾಡಿಸಿದರೆ ಹೊಗೆಸೊಪ್ಪಿನ ಹುಡಿ,
ನಲುವತ್ತು ವರ್ಷದ ಮೇಲೂ ಸೀನು ಬಂತು.
ಆಗ ತಿಳಿಯಿತು: ಬೀಡಿಯೆಲೆ ಕತ್ತರಿಸುವ ಕತ್ತರಿ.
ಮಡಿಲಲ್ಲಿ ತಡ್ಪೆ, ತಡ್ಪೆಯ ಅಂಚಿಗೆ ಪತ್ರಿಕೆ ಒರಗಿಸಿ
ಸಾವಿರ ಸುತ್ತುವುದರೊಳಗೆ ಎರಡು ಪುಟ ಓದಿರಬೇಕು.
ಶನಿವಾರ ಬ್ರಾಂಚಿನಲ್ಲಿ ಎಣಿಸಿ ಕೊಟ್ಟ ದುಡ್ಡಿನಿಂದ
ಅಮ್ಮನ ಕೈಗೆ ಹೋಗುವ ಮೊದಲು
ಎರಡು ರೂಪಾಯಿ ಎಲ್ಲಿ ಅಡಗಿತ್ತೋ.

ಕತ್ತರಿಸಿದ್ದೇನೆಂದು ಪರಿವಿಡಿ ಬಾಯಿ ಬಿಟ್ಟಿತು:
'ಪುಟ ೧೭: ಈ ವರ್ಷದ ಬುಗ್ಗೆ ತೋಳು'.

ಆಗಸ್ಟಿನಲ್ಲಿ ಕಂಕನಾಡಿಯ ಪಾಳಿ ಬಂತು.
ಲಿಗೋರಿ ಪೊರ್ಬುಗಳ ಟೈಲರಂಗಡಿ, ಒಂಬತ್ತು ಯೂನಿಟ್ಟು.
ಮೀಟರಿನ ಕೆಳಗೆ ಹಳೆಯ ಅಳತೆ ಪುಸ್ತಕಗಳ ರಾಶಿ,
ಒಂದರ ರಟ್ಟಿನ ಒಳಗೆ ಅಂಟಿಸಿದ ತೋಳು!
ಅದೇ ನುಣುಪು ಕಾಗದ, ಅದೇ ಮಾಸಿದ ನೀಲಿ.
"ಯಾರೋ ಬೀಡಿಯ ಹುಡುಗಿ ತಂದದ್ದು" ಎಂದರು,
"ಹೆಸರಾ? ಎದೆ ಮೂವತ್ತು, ಸೊಂಟ ಇಪ್ಪತ್ತನಾಲ್ಕು,
ಹೆಸರು ನೆನಪಿಲ್ಲ.
ಆಚೆ ವಾರ ಅವಳ ಅಮ್ಮ ಬಂದು
ಬುಗ್ಗೆ ಬಿಚ್ಚಿಸಿ, ಮೊಣಕೈವರೆಗೆ ಇಳಿಸಿ ತೆಕೊಂಡುಹೋದರು."

ರಾತ್ರಿ ನಿದ್ದೆಯಿಲ್ಲ.
ಬೆಳಿಗ್ಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜುಲೈ ಒಯ್ದೆ.
ತೋಳಿನ ಮೇಲೆ ತೂತು ಇಟ್ಟೆ, ಉಸಿರು ಹಿಡಿದು,
ಮಗುವಿನ ನೆತ್ತಿಗೆ ಟೊಪ್ಪಿ ಇಡುವ ಹಾಗೆ.
ಕೂರಲಿಲ್ಲ.
ತಿರುಗಿಸಿದೆ, ಜಾರಿಸಿದೆ.
ಪೊರ್ಬುಗಳು ಕೊರಳಿನ ಟೇಪು ತೆಗೆದು
ಎರಡನ್ನೂ ಅಳೆದು ಕನ್ನಡಕದ ಮೇಲಿನಿಂದ ನೋಡಿದರು:
"ಅರ್ಧ ಇಂಚು."

ಹಾಗಾದರೆ ಇವಳು ಅವಳಲ್ಲ.
ಒಬ್ಬಳನ್ನು ಹುಡುಕಿ ಹೋಗಿ ಇಬ್ಬರಾದರು.
ಇನ್ನೆಷ್ಟು ತಡ್ಪೆಗಳ ಅಡಿಯಲ್ಲಿ
ಅದೇ ಜುಲೈ, ಅದೇ ಪುಟ, ಅದೇ ಕತ್ತರಿ.
"ಆ ತೋಳಿಗೆ ಕಾಲು ಮೀಟರು ಬಟ್ಟೆ ಜಾಸ್ತಿ ಬೇಕು"
ಎಂದರು ಪೊರ್ಬುಗಳು, ಲೆಕ್ಕ ಇನ್ನೂ ಬಾಕಿಯಿದ್ದವರ ಹಾಗೆ.
ಬೇಕಾದರೆ ಬಿಡಿಸಿಕೊಳ್ಳಿ ಎಂದರು ಕೂಡ.
ಗೋಂದು ಗಟ್ಟಿ, ಹರಿದೀತು, ಇರಲಿ ಎಂದೆ.

ಮನೆಗೆ ಬಂದು ಹದಿನೇಳರ ತೂತಿನಿಂದ ನೋಡಿದೆ.
ಹತ್ತೊಂಬತ್ತರ ಧಾರಾವಾಹಿಯ ಒಂದು ತುಣುಕು:
'...ಕೊಡೆ ಮರೆತವಳ ಹಾಗೆ ಅವಳು ತಿರುಗಿ...'
ಹಾಳೆ ಮಗುಚಿದರೆ ಮುಂದಿನದು ಸಿಗುತ್ತಿತ್ತು.
ಮಗುಚಲಿಲ್ಲ.